ಊಟದ ಹೊತ್ತಿನ ತಲೆನೋವು

ವಿಶ್ವವಿದ್ಯಾಲಯದ ಕ್ರೈಸ್ತ ಪ್ರಾರ್ಥನಾ ಕೂಟದಲ್ಲಿ ಅವಳನ್ನು ಎಲ್ಲರೂ ಮೈಕು ಎಂದೇ ಕರೆಯುತ್ತಿದ್ದರು. ಕಾರಣ ಕೇಳುವ ಶ್ರಮವನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ. ಎದ್ದು ನಿಂತು ಪ್ರಾರ್ಥನೆ ಶುರುಮಾಡಿದಳೆಂದರೆ ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದವರು ನೆಟ್ಟಗಾಗುತ್ತಿದ್ದರು. ಪಕ್ಕದ ಗ್ರಂಥಾಲಯದ ಮೇಲ್ವಿಚಾರಕರು ಎದ್ದು ಬಂದು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಬೆಳಗಿನ ಪ್ರಾರ್ಥನೆಗೆ ಹಾಸ್ಟೆಲಿನ ಬಾಗಿಲುಗಳನ್ನು ತಟ್ಟಿ ಎಬ್ಬಿಸುವವಳು ಅವಳೇ. ನಿದ್ದೆಗೆಟ್ಟವರ ಬೈಗುಳವನ್ನು ಆಶೀರ್ವಾದದಂತೆ ಹೊತ್ತುಕೊಂಡು ಮುಂದಿನ ಬಾಗಿಲಿಗೆ ಹೋಗುವವಳೂ ಅವಳೇ.

ಬೀಳ್ಕೊಡುಗೆಯ ಸಂಜೆ ತನ್ನ ನಂಬಿಕೆಯ ಸಾಕ್ಷಿ ಹೇಳಲು ನಿಂತಾಗ ಅವಳು, "ನಾನು ಎಲ್ಲಿಗೆ ಹೋದ್ರೂ ಈ ನಂಬಿಕೆ ಹೀಗೇ ಉರೀತಾ ಇರತ್ತೆ, ನೀವೇ ನೋಡ್ತಿರಿ" ಅಂದಳು. ಕಿರಿಯರು ಬಿಕ್ಕಿ ಬಿಕ್ಕಿ ಅತ್ತರು. ಒಬ್ಬಳಂತೂ ಅವಳ ಭುಜವನ್ನೇ ಒದ್ದೆ ಮಾಡಿಬಿಟ್ಟಳು. ಮೈಕು ತಾನೂ ಅತ್ತು, ಮೂಗೊರೆಸಿಕೊಂಡು, ಪೆಟ್ಟಿಗೆ ಕಟ್ಟಿಕೊಂಡು ಬೇರೆ ಊರಿಗೆ ಕೆಲಸಕ್ಕೆ ಹೊರಟಳು.

ಕೆಲಸ ಸಿಕ್ಕಿದ್ದು ಹಲ್ಲು ಕಟ್ಟುವ ಲ್ಯಾಬಿನಲ್ಲಿ. ಅವಳು ಓದಿದ್ದೂ ಅದನ್ನೇ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಲ್ಯಾಬಿನವರು ಅದಕ್ಕೆ ಪ್ಲಾಸ್ಟರ್ ಸುರಿದು, ಮೂಡಿಬಂದ ವಸಡಿನ ಮೇಲೆ ಮೇಣ ಕೂರಿಸಿ, ಮೇಣದಲ್ಲಿ ಒಂದೊಂದೇ ಹಲ್ಲು ಜೋಡಿಸಿ, ಕೊನೆಗೆ ಗುಲಾಬಿ ಬಣ್ಣದ ಗಟ್ಟಿ ಸೆಟ್ಟು ಮಾಡಿ ಉಜ್ಜಿ ಹೊಳಪು ಕೊಡುತ್ತಾರೆ. ಗೋಡೆಯ ಹಲಗೆಗಳ ತುಂಬ ಯಾರ್ಯಾರದೋ ದವಡೆಗಳು. ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ಊರಿಗೆ ಊರೇ ಹಲ್ಲು ಕಿರಿದು ಸ್ವಾಗತ ಕೋರಿದ ಹಾಗೆ ಕಾಣುತ್ತಿತ್ತು. ಮೈಕುಗೆ ಆ ಜಾಗ ನೋಡಿದ ತಕ್ಷಣ ಹಿಡಿಸಿತು. ಮುಂದಿನ ಹಲ್ಲುಗಳನ್ನು ತೀರ ಸಾಲಾಗಿ ನಿಲ್ಲಿಸಿದರೆ ನಗು ಸುಳ್ಳು ಕಾಣುತ್ತದೆ, ಒಂದನ್ನು ಚೂರೇ ಚೂರು ಓರೆ ಮಾಡಿದರೆ ಮುಖಕ್ಕೆ ಜೀವ ಬರುತ್ತದೆ. ಆ ಓರೆ ಹಿಡಿಯುವುದರಲ್ಲಿ ಅವಳ ಕೈ ಪಳಗಿತ್ತು.

ಮೊದಲ ದಿನ ಊಟಕ್ಕೆ ಎಲ್ಲರೂ ಕಿಟಕಿ ಪಕ್ಕದ ಉದ್ದ ಮೇಜಿನ ಸುತ್ತ ಕೂತರು. ಮೈಕು ಡಬ್ಬಿ ತೆರೆದಳು. ಅಭ್ಯಾಸಬಲದಿಂದ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಇನ್ನೇನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಸುತ್ತಲಿನ ಮಾತು ಗಕ್ಕನೆ ನಿಂತದ್ದು ಕಿವಿಗೆ ಬಿತ್ತು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂಬುದು ಮುಚ್ಚಿದ ಕಣ್ಣಿಗೂ ಗೊತ್ತಾಯಿತು. ಕೈ ಅವಳನ್ನು ಕೇಳದೆಯೇ ಮೇಲೆ ಹೋಗಿ ಹಣೆ ಉಜ್ಜತೊಡಗಿತು.

"ಯಾಕಮ್ಮ, ತಲೆನೋವಾ?" ಅಂದಳು ಪಕ್ಕದಲ್ಲಿ ಕೂತಿದ್ದ ಹೆಂಗಸು. ಮೇಣದ ಕೆಲಸದಲ್ಲಿ ಲ್ಯಾಬಿಗೇ ಹಿರಿಯಳು. ಹಾಗಾಗಿ ಎಲ್ಲರಿಗೂ ಮೇಣದಕ್ಕ.

"ಹೂಂ ಅಕ್ಕ. ಸ್ವಲ್ಪ."

ಹೆದರಿ ತನ್ನ ಗುರುವನ್ನೇ ಅರಿಯೆನೆಂದ ಬೈಬಲಿನ ಶಿಷ್ಯನನ್ನು ಕೋಳಿ ಕೂಗಿ ಎಚ್ಚರಿಸಿದ ಕಥೆಯನ್ನು ಮೈಕು ಕೂಟದಲ್ಲಿ ಅಭಿನಯಿಸಿ ತೋರಿಸಿದ್ದಳು. ಕೋಳಿಯ ಪಾತ್ರವೂ ಅವಳದೇ ಆಗಿತ್ತು. ಈಗ ಕೂಗಲು ಕೋಳಿ ಇರಲಿಲ್ಲ. ಮೂಲೆಯಲ್ಲಿ ಪ್ಲಾಸ್ಟರ್ ಕುಲುಕುವ ಯಂತ್ರವೊಂದು ಗರ್ರೆನ್ನುತ್ತಿತ್ತು, ಅಷ್ಟೆ.

ನಾಳೆ ನಿಜ ಹೇಳಿದರಾಯಿತು ಅಂದುಕೊಂಡಳು. ಮಾರನೆಯ ದಿನ ಮೇಜಿಗೆ ಬಂದರೆ ಅವಳ ಜಾಗದಲ್ಲಿ ಮುಲಾಮಿನ ಪುಟ್ಟ ಡಬ್ಬಿ ಕಾದು ಕೂತಿತ್ತು. "ಹಚ್ಕೊ, ನಮ್ಮನೇಲಿ ಎಲ್ರಿಗೂ ಇದೇ" ಅಂದಳು ಮೇಣದಕ್ಕ. ಅಷ್ಟು ಅಕ್ಕರೆಯಿಂದ ತಂದುಕೊಟ್ಟವಳ ಮುಂದೆ ತಲೆನೋವಿಲ್ಲ ಅನ್ನುವುದು ಹೇಗೆ? ಮೈಕು ಹಣೆಗೆ ಮುಲಾಮು ಹಚ್ಚಿಕೊಂಡಳು, ಕಣ್ಣು ಮುಚ್ಚಿದಳು, ಉಜ್ಜುತ್ತ ಉಜ್ಜುತ್ತ ಊಟಕ್ಕೆ ದೇವರಿಗೆ ವಂದನೆ ಹೇಳಿದಳು. ಮುಲಾಮಿನ ಘಾಟಿಗೆ ಕಣ್ಣಲ್ಲಿ ನೀರು ಬಂತು. "ಪಾಪ, ಎಷ್ಟು ನೋವಿದ್ಯೋ ಏನೋ" ಅಂದರು ಎದುರಿಗಿದ್ದವರು.

ಅಲ್ಲಿಂದ ಆ ತಲೆನೋವು ಲ್ಯಾಬಿನವರೆಲ್ಲರ ಆಸ್ತಿಯಾಯಿತು. ಒಬ್ಬರು ನೀರು ಜಾಸ್ತಿ ಕುಡಿ ಅಂದರು, ಒಬ್ಬರು ಕುಡಿಯುವ ನೀರೇ ಸರಿಯಿಲ್ಲ ಅಂದರು. ಹೊಳಪು ಕೊಡುವ ಅಣ್ಣ ತನ್ನ ಯಂತ್ರದ ಸದ್ದಿನಿಂದಲೇ ಹೀಗಾಗುತ್ತಿದೆಯೆಂದು ನೊಂದುಕೊಂಡು, ಊಟಕ್ಕೆ ಮುಂಚೆ ಅದನ್ನು ಚಾಲೂ ಮಾಡುವುದನ್ನೇ ಬಿಟ್ಟ. ಇಷ್ಟರಲ್ಲಿ ಯಾರೋ ಒಂದು ವಿಚಿತ್ರ ಗಮನಿಸಿದರು: ಈ ಹುಡುಗಿಗೆ ತಲೆನೋವು ಬರುವುದು ಡಬ್ಬಿ ತೆರೆದಾಗ ಮಾತ್ರ, ಒಂದು ತುತ್ತು ಬಾಯಿಗಿಟ್ಟ ಕೂಡಲೇ ಮಾಯ. ಹಸಿವಿನ ತಲೆನೋವು ಎಂಬ ತೀರ್ಪು ಬಂತು. ಅಂದಿನಿಂದ ಹೊತ್ತಿಗೆ ಮುಂಚೆ ಅವಳಿಗೆ ಬಿಸ್ಕತ್ತು ತಿನ್ನಿಸುವ ಕೆಲಸವನ್ನು ಮೇಣದಕ್ಕ ವಹಿಸಿಕೊಂಡಳು.

ಭಾನುವಾರಗಳ ಕಥೆ ಬೇರೆ. ಮೊದಮೊದಲು ಮೈಕು ಹುರುಪಿನಿಂದಲೇ ಚರ್ಚು ಹುಡುಕಲು ಹೊರಟಳು. ಒಂದು ಕಡೆ ಜನ ಎಷ್ಟಿದ್ದರೆಂದರೆ ಅವಳು ಬಂದದ್ದು ಯಾರಿಗೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಇನ್ನೊಂದು ಕಡೆ ಹಾಡು ಚೆನ್ನಾಗಿತ್ತು, ಪಾದ್ರಿಯ ಪ್ರಸಂಗ ಸಪ್ಪೆ. ಮತ್ತೊಂದು ಕಡೆ ಪ್ರಸಂಗ ಚೆನ್ನಾಗಿತ್ತು, ಡ್ರಮ್ಮು ಬಾರಿಸುವವನಿಗೆ ತಾಳ ಗೊತ್ತಿರಲಿಲ್ಲ. ಬಸ್ ಡಿಪೋದ ಹಿಂದೆ ಒಂದು ಚಿಕ್ಕ ಚರ್ಚಿತ್ತು. ಬಾಗಿಲಲ್ಲಿ ನಿಂತು ಇಣುಕಿದರೆ ಒಳಗೆಲ್ಲ ಬರೀ ನರೆತಲೆ. ಇಲ್ಲಿ ನನಗೇನಿದೆ ಅಂದುಕೊಂಡು ಹಿಂದೆ ಸರಿದಳು. ಎಲ್ಲಿ ಹೋದರೂ ಅವಳು ಹುಡುಕುತ್ತಿದ್ದದ್ದು ಹಳೆಯ ಕೂಟವನ್ನೇ, ಅದೇ ಬೆಂಚು, ಅದೇ ಗಿಟಾರು, ಅದೇ ಗೆಳತಿಯರು. ಅದು ಇನ್ನೊಂದು ಊರಿನಲ್ಲಿ ಸಿಗುವುದಾದರೂ ಹೇಗೆ? ಕೊನೆಗೆ ಭಾನುವಾರ ಬಟ್ಟೆ ಒಗೆಯುವ ವಾರವಾಯಿತು. ಆಮೇಲೆ ಬಟ್ಟೆಯನ್ನೂ ಸೋಮವಾರಕ್ಕೆ ತಳ್ಳಿ ಮಲಗುವ ವಾರವಾಯಿತು.

"ಚರ್ಚಿಗೆ ಹೋಗಿದ್ಯೇನೇ?" ಎಂದು ಅಮ್ಮ ಫೋನಿನಲ್ಲಿ ಕೇಳಿದರೆ, "ಚರ್ಚ್ ಹತ್ರಾನೇ ಇದ್ದೆ ಅಮ್ಮ" ಅನ್ನುತ್ತಿದ್ದಳು. ಅದು ಸುಳ್ಳೇನಲ್ಲ. ತರಕಾರಿ ಅಂಗಡಿ ಇದ್ದದ್ದು ಚರ್ಚಿನ ಪಕ್ಕದಲ್ಲೇ.

ಹಳೆಯ ಕೂಟದವರು ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಮೊದಲು ಅದರಲ್ಲಿ ಉದ್ದುದ್ದ ಪ್ರಾರ್ಥನೆಗಳು ಬರುತ್ತಿದ್ದವು. ಆಮೇಲೆ "ಪ್ರಾರ್ಥಿಸಿ" ಎಂಬ ಒಂದೇ ಪದ. ಆಮೇಲೆ ಮುಗಿದ ಕೈಗಳ ಚಿತ್ರ. ಈಚೆಗೆ ಯಾರದೋ ನಾಯಿಮರಿಯ ಫೋಟೋ ಬಂದಿತ್ತು, ಅದಕ್ಕೂ ಎಲ್ಲರೂ ಮುಗಿದ ಕೈಗಳನ್ನೇ ಕಳಿಸಿದ್ದರು.

ಇತ್ತ ಲ್ಯಾಬಿನಲ್ಲಿ ವಿಷಯ ಯಜಮಾನರ ತನಕ ಹೋಯಿತು. ಅವರು ದಪ್ಪ ಗಾಜಿನ ಕನ್ನಡಕದವರು. ಜಗತ್ತಿನ ಎಲ್ಲ ರೋಗಗಳೂ ಕಣ್ಣಿನಿಂದಲೇ ಶುರುವಾಗುತ್ತವೆ ಎಂದು ನಂಬಿದವರು. ಮೈಕುವನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ಬೆಳಕು ಬಿಟ್ಟು ನೋಡಿ, ಅಕ್ಷರ ಓದಿಸಿ, "ಈ ಕಣ್ಣಿಗೆ ಏನೂ ಆಗಿಲ್ಲಮ್ಮ, ಹದ್ದಿನ ಕಣ್ಣು" ಅಂದರು. ಯಜಮಾನರಿಗೆ ಸಮಾಧಾನವಾಗಲಿಲ್ಲ.

"ಕಣ್ಣಲ್ಲಿ ಇಲ್ಲ ಅಂದ್ರೆ ಕಣ್ಣಿನ ಹಿಂದೆ ಇದೆ" ಅಂದರು. "ಸೂಕ್ಷ್ಮ ಕೆಲಸದಿಂದ್ಲೇ ಇದು. ಕೆಲವು ದಿನ ನೀನು ಹಲ್ಲು ಜೋಡ್ಸೋದು ಬೇಡ. ಪ್ಲಾಸ್ಟರ್ ಕಡೆ ನೋಡ್ಕೊ."

ಹಲ್ಲು ಜೋಡಿಸುವುದೆಂದರೆ ಮೈಕುವಿನ ಪ್ರಾಣ. ಈಗ ದಿನವಿಡೀ ಬಿಳಿ ಪುಡಿಗೆ ನೀರು ಬೆರೆಸುವುದು, ಕಲಸುವುದು, ಸುರಿಯುವುದು, ಕುಲುಕುವುದು. ಮನೆಗೆ ಹೋಗುವಾಗ ಹುಬ್ಬು ಬೆಳ್ಳಗೆ, ರೆಪ್ಪೆ ಬೆಳ್ಳಗೆ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಇದೆಲ್ಲ ಮುಗಿಯುತ್ತಿತ್ತು. ಆದರೆ ಹೇಳುವುದೇನು? ಮುಲಾಮು ಹಚ್ಚಿಸಿಕೊಂಡು, ಬಿಸ್ಕತ್ತು ತಿಂದು, ಕಣ್ಣು ತೋರಿಸಿಕೊಂಡು, ಈಗ ಇದು ಪ್ರಾರ್ಥನೆ ಅಂದರೆ ಯಾರು ನಂಬುತ್ತಾರೆ? ನಂಬಿದರೂ, ಇಷ್ಟು ದಿನ ಸುಳ್ಳು ಹೇಳಿಸಿದ ಪ್ರಾರ್ಥನೆ ಅದೆಂಥದು ಅನ್ನುವುದಿಲ್ಲವೇ?

ಒಂದು ಮಧ್ಯಾಹ್ನ ಎಂದಿನಂತೆ ಡಬ್ಬಿ ತೆರೆದಳು, ಕಣ್ಣು ಮುಚ್ಚಿದಳು, ಹಣೆ ಉಜ್ಜಿದಳು, ಕಣ್ಣು ತೆರೆದಳು. ತುತ್ತು ಕೈಗೆತ್ತಿಕೊಂಡಾಗ ಹೊಳೆಯಿತು, ತಾನು ಏನೂ ಹೇಳಿಯೇ ಇರಲಿಲ್ಲ. ನಿನ್ನೆ ಹೇಳಿದ್ದೆನೇ? ನೆನಪಾಗಲಿಲ್ಲ. ಮೊನ್ನೆ? ಅದೂ ಇಲ್ಲ. ಪ್ರಾರ್ಥನೆ ಯಾವಾಗಲೋ ಎದ್ದು ಹೋಗಿತ್ತು. ಅದನ್ನು ಮುಚ್ಚಿಡಲು ಕಟ್ಟಿದ ತಲೆನೋವು ಮಾತ್ರ ತಪ್ಪದೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಎತ್ತಿದ ತುತ್ತನ್ನು ಅವಳು ಕೆಳಗಿಟ್ಟಳು.

"ಇವತ್ತು ಜಾಸ್ತಿನಾ?" ಮೇಣದಕ್ಕ ಮೆಲ್ಲಗೆ ಕೇಳಿದಳು. "ನಾನೂ ದಿನಾ ಬೆಳಿಗ್ಗೆ ದೇವ್ರ ಮುಂದೆ ನಿನ್ನ ತಲೆನೋವಿನ ವಿಷ್ಯ ಹೇಳ್ತಾನೇ ಇದೀನಿ ಕಣೇ. ಬೇಡ್ಕೊಳ್ಳೋದ್ರಲ್ಲಿ ನಾನೇ ಎಲ್ಲೋ ತಪ್ಪು ಮಾಡ್ತಿದೀನೋ ಏನೋ, ಕಮ್ಮಿನೇ ಆಗ್ತಿಲ್ಲ."

ಮೈಕು ಡಬ್ಬಿ ಮುಚ್ಚಿದಳು. ಇಲ್ಲದ ತಲೆನೋವಿಗಾಗಿ, ತನ್ನ ಮತದವಳೂ ಅಲ್ಲದ ಈ ಹೆಂಗಸು ದಿನಾ ಬೆಳಿಗ್ಗೆ ಕೈಮುಗಿಯುತ್ತಿದ್ದಾಳೆ. ಪ್ರಾರ್ಥನೆಯಲ್ಲಿ ಹೆಸರು ಮಾಡಿದ ತಾನು ಯಾರ ತಲೆನೋವಿಗೂ, ಯಾರ ಹೊಟ್ಟೆನೋವಿಗೂ ತಿಂಗಳುಗಳಿಂದ ಒಂದು ಮಾತು ಬೇಡಿಕೊಂಡಿಲ್ಲ.

"ಅಕ್ಕ, ನಂಗೆ ತಲೆನೋವಿಲ್ಲ" ಅಂದಳು. "ಯಾವತ್ತೂ ಇರ್ಲಿಲ್ಲ. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡೋ ಅಭ್ಯಾಸ ನಂಗೆ. ಎಲ್ರೂ ನೋಡ್ತಾರೆ ಅಂತ ನಾಚಿಕೆ ಆಯ್ತು. ನೀವು ತಲೆನೋವಾ ಅಂದ್ರಿ, ನಾನು ಹೂಂ ಅಂದೆ."

ಮೇಣದಕ್ಕ ಕಣ್ಣು ಪಿಳಿಪಿಳಿ ಬಿಟ್ಟಳು. "ನನ್ನ ಮುಲಾಮು?"

"ಸುಮ್ನೆ ಹಚ್ಕೊಂಡೆ."

"ಬಿಸ್ಕತ್ತು?"

"ಅದು ಇಷ್ಟ ಆಗಿತ್ತು ಅಕ್ಕ."

ಮೇಣದಕ್ಕ ಎದ್ದು ಹೋಗಿ ತನ್ನ ಮೇಜಿನ ಮುಂದೆ ಕೂತು, ಯಾರದೋ ಕೆಳದವಡೆಯ ಮೇಣವನ್ನು ಅಗತ್ಯಕ್ಕಿಂತ ಜೋರಾಗಿ ಕೆರೆಯತೊಡಗಿದಳು. ಆ ದಿನವೂ ಮಾತಿಲ್ಲ, ಮಾರನೆಯ ದಿನವೂ ಮಾತಿಲ್ಲ. ಮೈಕು ಇಂಗು ತಿಂದ ಮಂಗನ ಹಾಗೆ ಪ್ಲಾಸ್ಟರ್ ಕಲಸುತ್ತ ಕೂತಳು. ಕೊನೆಗೆ ಮೇಣದಕ್ಕನೇ ಪ್ಲಾಸ್ಟರ್ ಮೇಜಿನ ಬಳಿ ಬಂದು ನಿಂತಳು.

"ನೀನು ಪ್ರಾರ್ಥನೆ ಮಾಡೋದಕ್ಕೆ ನಂಗೆ ಸಿಟ್ಟಿಲ್ಲ" ಅಂದಳು. "ನಂಗೆ ಹೇಳಿದ್ರೆ ನಾನೇನು ನುಂಗಿಬಿಡ್ತಿದ್ನಾ? ನಾನೇನು ಹುಲಿನಾ?"

"ಅಲ್ಲ ಅಕ್ಕ."

"ಮತ್ತೆ? ಹೋಗ್ಲಿ, ಬಾ ಊಟಕ್ಕೆ."

ಊಟದ ಮೇಜಿನಲ್ಲಿ ಮೇಣದಕ್ಕ ಚಮಚದಿಂದ ಡಬ್ಬಿ ಬಡಿದು ಎಲ್ಲರ ಬಾಯಿ ಮುಚ್ಚಿಸಿದಳು. "ಇವಳಿಗೆ ತಲೆನೋವಲ್ಲ, ಇವಳು ಪ್ರಾರ್ಥನೆ ಮಾಡೋದು. ಎಲ್ರೂ ಸ್ವಲ್ಪ ಸುಮ್ನಿರಿ, ಮಾಡ್ಲಿ."

ಯಜಮಾನರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹೊಳಪಿನ ಅಣ್ಣ ಕೈಯಲ್ಲಿದ್ದ ತುತ್ತನ್ನು ವಾಪಸು ಡಬ್ಬಿಗಿಟ್ಟ. ಇಡೀ ಮೇಜು ಅವಳ ಬಾಯನ್ನೇ ನೋಡುತ್ತ ಕೂತಿತು. ಹಲಗೆಯ ಮೇಲಿನ ದವಡೆಗಳೂ ಹಾಗೇ ಕಾದು ಕೂತಂತಿದ್ದವು. ನೂರಾರು ಜನರ ಮುಂದೆ ಉಸಿರು ತೆಗೆದುಕೊಳ್ಳದೆ ಪ್ರಾರ್ಥಿಸಿದ್ದ ಮೈಕುಗೆ ಕೂಟದಲ್ಲಿ ಬಳಸುತ್ತಿದ್ದ ದೊಡ್ಡ ದೊಡ್ಡ ಪದಗಳಲ್ಲಿ ಒಂದೂ ಕೈಗೆ ಸಿಗಲಿಲ್ಲ.

"ದೇವರೇ, ಈ ಊಟಕ್ಕೆ, ಇವರೆಲ್ಲರಿಗೆ ವಂದನೆ. ಆಮೆನ್" ಅಂದಳು, ಪಕ್ಕದವರಿಗಷ್ಟೇ ಕೇಳುವ ದನಿಯಲ್ಲಿ.

"ಅಷ್ಟೇನಾ?" ಅಂದರು ಯಜಮಾನರು.

"ಅಷ್ಟೇ ಸಾರ್."

"ಇಷ್ಟಕ್ಕೆ ನಾನು ನಿನ್ನ ಕಣ್ಣಿನ ಡಾಕ್ಟ್ರ ಹತ್ರ ಕಳಿಸಿದ್ನಾ?" ಅಂದವರೇ ಅವರು ನಗಲು ಶುರುಮಾಡಿದರು. ಆಮೇಲೆ ಮೇಜಿಗೆ ಮೇಜೇ ನಕ್ಕಿತು. ಹೊಳಪಿನ ಅಣ್ಣನಿಗೆ ನೆತ್ತಿಗೆ ಹತ್ತಿ ಬೆನ್ನು ತಟ್ಟಬೇಕಾಯಿತು. ನಗು ಇಳಿದ ಮೇಲೆ ಯಜಮಾನರು, "ಸೋಮವಾರದಿಂದ ಹಲ್ಲು ಜೋಡ್ಸೋಕೆ ಬಾ. ನೀನಿಲ್ದೆ ಮುಂದಿನ ಹಲ್ಲೆಲ್ಲ ಸಿಪಾಯಿಗಳ ಥರ ನಿಂತಿವೆ" ಅಂದರು.

ಡಬ್ಬಿ ತೊಳೆಯುವಾಗ ಮೇಣದಕ್ಕ ಏನನ್ನೋ ಜ್ಞಾಪಿಸಿಕೊಂಡವಳಂತೆ ಕೇಳಿದಳು. "ಭಾನುವಾರ ಯಾವ ಚರ್ಚಿಗೆ ಹೋಗ್ತೀಯ?"

"ಯಾವ್ದಕ್ಕೂ ಇಲ್ಲ. ಯಾವ್ದೂ ಸರಿಹೋಗ್ಲಿಲ್ಲ."

"ಸರಿಹೋಗೋಕೆ ಅದೇನು ಚಪ್ಲಿನಾ?" ಅಂದು ಮೇಣದಕ್ಕ ನಲ್ಲಿ ತಿರುಗಿಸಿದಳು.

ಆ ಭಾನುವಾರ ಮೈಕು ಬಸ್ ಡಿಪೋದ ಹಿಂದಿನ ಚಿಕ್ಕ ಚರ್ಚಿಗೆ ಹೋದಳು. ಅದನ್ನೇ ಆರಿಸಿಕೊಂಡದ್ದು ದೊಡ್ಡ ಯೋಚನೆಯಿಂದಲ್ಲ, ಎದ್ದದ್ದು ತಡವಾಗಿತ್ತು, ಅದು ಹತ್ತಿರವಿತ್ತು. ಒಳಗೆ ಅದೇ ನರೆತಲೆಗಳು. ಹಾಡು ಶುರುವಾಯಿತು. ಒಬ್ಬೊಬ್ಬರದು ಒಂದೊಂದು ಶ್ರುತಿ; ಮುಂದೆ ಹೋದವರು ಹಿಂದುಳಿದವರಿಗಾಗಿ ಸಾಲಿನ ಕೊನೆಯಲ್ಲಿ ಕಾಯುತ್ತಿದ್ದರು. ಮೈಕುಗೆ ಮೊದಲು ಕಿರಿಕಿರಿಯಾಯಿತು. ಆಮೇಲೆ ಹಾಡಿನ ನಡುವೆ ಇನ್ನೊಂದು ಸದ್ದು ಕೇಳಿಸಿತು. ಟಕ್, ಟಕ್. ಪಕ್ಕದಲ್ಲಿ ನಿಂತಿದ್ದ ಗಟ್ಟಿಮುಟ್ಟಾದ ಅಜ್ಜಿಯೊಬ್ಬರು 'ಸ್ತೋತ್ರ' ಅಂದಾಗಲೆಲ್ಲ ಅವರ ಕೆಳಗಿನ ಸೆಟ್ಟು ಮೇಲೆದ್ದು ಕೂರುತ್ತಿತ್ತು. ವಸಡು ಸವೆದು ಸೆಟ್ಟು ಸಡಿಲವಾಗಿದೆ ಎಂದು ಅವಳ ಕಿವಿಗೇ ತಿಳಿಯಿತು.

ಆರಾಧನೆ ಮುಗಿದ ಮೇಲೆ ಅಜ್ಜಿ ಅವಳ ಕೈ ಹಿಡಿದರು. "ಹೊಸಬಳು. ಏನು ಕೆಲ್ಸ ಮಾಡ್ತೀಯಮ್ಮ?"

"ಹಲ್ಲಿನ ಸೆಟ್ಟು ಮಾಡ್ತೀನಿ ಅಜ್ಜಿ."

ಅಜ್ಜಿ ಹಿಂದೆ ತಿರುಗಿ ಆ ಮಾತನ್ನು ಗಟ್ಟಿಯಾಗಿ ಸಾರಿದರು. ಮರುಗಳಿಗೆಯಲ್ಲಿ ಸಭೆಯ ಮುಕ್ಕಾಲು ಪಾಲು ಜನ ಅವಳ ಸುತ್ತ ನಿಂತು ಬಾಯಿ ತೆರೆದಿದ್ದರು. ಒಬ್ಬರಿಗೆ ಚುಚ್ಚುತ್ತದೆ, ಒಬ್ಬರಿಗೆ ಜಾರುತ್ತದೆ, ಒಬ್ಬರು ತಮ್ಮದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿನಲ್ಲೇ ಇಟ್ಟುಕೊಂಡಿದ್ದರು. ಪ್ರಸಂಗ ಮಾಡಿದ ಸಭಾಪಾಲಕರು ಗುಂಪಿನ ಹಿಂದೆ ಸುಮ್ಮನೆ ನಿಂತಿದ್ದರು. ಮೈಕು ಅತ್ತ ನೋಡಿದಾಗ ಸಂಕೋಚದಿಂದ ತಮ್ಮ ಮೇಲಿನ ದವಡೆಯ ಕಡೆ ಬೆರಳು ತೋರಿಸಿದರು. "ನಾನು ಡಾಕ್ಟರಲ್ಲ, ನೀವು ಡಾಕ್ಟ್ರ ಹತ್ರ ಹೋಗಿ ಹೀಗೆ ಹೀಗೆ ಅಂತ ಹೇಳಿ" ಎಂದು ಒಬ್ಬೊಬ್ಬರಿಗೂ ವಿವರಿಸುವಷ್ಟರಲ್ಲಿ ಅವಳ ಗಂಟಲು ಕಟ್ಟಿತು.

ಅಜ್ಜಿ ಅವಳನ್ನು ಬೆಂಚಿನಲ್ಲಿ ಕೂರಿಸಿಕೊಂಡು ನೀರು ಕೊಟ್ಟರು. ಏನು, ಎತ್ತ ಎಂದು ವಿಚಾರಿಸಿದರು. ಆ ಕಕ್ಕುಲತೆಗೆ ಮೈಕು ಕರಗಿ, ಕೂಟದಿಂದ ಹಿಡಿದು ತಲೆನೋವಿನ ತನಕ ಎಲ್ಲವನ್ನೂ ಹೇಳಿಕೊಂಡಳು. ಬೈಯುತ್ತಾರೆ ಅಂದುಕೊಂಡಿದ್ದಳು. ಅಜ್ಜಿಯ ಹೊಟ್ಟೆ ನಗುವಿಗೆ ಕುಲುಕತೊಡಗಿತು.

"ನಂದು ಹೊಗೆ ಕಣೇ" ಅಂದರು. "ಮದುವೆಯಾಗಿ ಹೋದ ಊರಲ್ಲಿ ಚರ್ಚಿರ್ಲಿಲ್ಲ, ಮನೇಲಿ ಯಾರೂ ಪ್ರಾರ್ಥನೆ ಮಾಡೋರಲ್ಲ. ಹೊಸ ಸೊಸೆ, ಹೆದ್ರಿಕೆ. ಒಲೆ ಮುಂದೆ ಕೂತು ಕಣ್ಣು ಮುಚ್ಕೊಂಡು ಪ್ರಾರ್ಥನೆ ಮಾಡೋದು. ಹೊಗೆಗೆ ಕಣ್ಣು ಮುಚ್ಚಿದಾಳೆ ಅಂತ ಅಂದ್ಕೊಳ್ತಿದ್ರು."

"ಯಾರಿಗೂ ಗೊತ್ತಾಗ್ಲೇ ಇಲ್ವಾ?"

"ಅತ್ತೆಗೆ ಗೊತ್ತಾಯ್ತು. ಒಂದಿನ ಒಲೆ ಹಚ್ಚೋದೇ ಮರ್ತು ಕೂತ್ಬಿಟ್ಟಿದ್ದೆ."

ಮೈಕು ನಕ್ಕ ನಗುವಿಗೆ ಹೊರಗೆ ಹೋಗುತ್ತಿದ್ದವರು ತಿರುಗಿ ನೋಡಿದರು. "ಆಮೇಲೆ?" ಅಂದಳು ಕಣ್ಣೊರೆಸಿಕೊಂಡು.

"ಆಮೇಲೆ ಏನು? ಅತ್ತೆ ಬೈದ್ರು. ಸ್ವಲ್ಪ ದಿನ ಆದ್ಮೇಲೆ, ನನ್ನ ಮಂಡಿನೋವಿಗೂ ಒಂದು ಮಾತು ಹೇಳೇ ಅಂದ್ರು." ಅಜ್ಜಿ ನಗು ನಿಲ್ಲಿಸಿ ಅವಳ ಮಂಡಿಯ ಮೇಲೆ ಕೈಯಿಟ್ಟರು. "ನನ್ನ ನಂಬಿಕೆನೂ ಎಷ್ಟೋ ಸಲ ಆರಿ ಹೋಗಿದೆ ಮಗಾ. ಒಬ್ಳೇ ಕೂತು ಊದಿ ಊದಿ ಸಾಕಾಗ್ತಿತ್ತು. ಇಲ್ಲಿಗೆ ಬಂದ್ಮೇಲೆ ಊದೋಕೆ ಇನ್ನೂ ನಾಲ್ಕು ಜನ ಸಿಕ್ಕಿದ್ರು, ಅಷ್ಟೇ ವ್ಯತ್ಯಾಸ. ಮುಂದಿನ ವಾರ ಬಾ."

ಮೈಕು ಮುಂದಿನ ವಾರ ಹೋದಳು. ಅದರ ಮುಂದಿನ ವಾರವೂ ಹೋದಳು. ಒಂದು ವಾರ ಮಲಗಿಬಿಟ್ಟಳು. ಮಧ್ಯಾಹ್ನವೇ ಅಜ್ಜಿಯ ಫೋನು ಬಂತು, ಬೈಯಲಿಕ್ಕಲ್ಲ, ಹೊಸ ಸೆಟ್ಟಿನಲ್ಲಿ ಕಡಲೆ ಅಗಿದ ಸುದ್ದಿ ಹೇಳಲಿಕ್ಕೆ. ಬೆಳಗಿನ ಪ್ರಾರ್ಥನೆ ಕೆಲವು ದಿನ ಆಗುತ್ತಿತ್ತು, ಕೆಲವು ದಿನ ಹಲ್ಲುಜ್ಜುವಾಗ ಅರ್ಧ ಆಗಿ ಉಳಿದರ್ಧ ಬಸ್ಸಿನಲ್ಲಿ ಆಗುತ್ತಿತ್ತು. ಕೂಟದಲ್ಲಿ ಮೈ ಜುಮ್ಮೆನ್ನುತ್ತಿದ್ದ ಹಾಗೆ ಈಗ ಅನ್ನುತ್ತಿರಲಿಲ್ಲ. ಅದಕ್ಕಾಗಿ ಒಮ್ಮೊಮ್ಮೆ ಬೇಸರವಾಗುತ್ತಿತ್ತು ಕೂಡ. ಆದರೆ ಹಲ್ಲು ಜೋಡಿಸುತ್ತ ಕೂತಾಗ, ಇದು ಯಾರ ಬಾಯಿಗೋ, ಅವರು ಚೆನ್ನಾಗಿ ಉಣ್ಣಲಿ ಎಂದು ಒಳಗೊಳಗೇ ಅಂದುಕೊಳ್ಳುವುದು ಹೊಸದಾಗಿ ಶುರುವಾಗಿತ್ತು. ಅದನ್ನು ಯಾವ ಕೂಟದಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ಅದಾದ ಕೆಲವು ತಿಂಗಳಿಗೆ, ಚೆಲ್ಲಿದ ನೀರಿನ ಮೇಲೆ ಕಾಲಿಟ್ಟು ಮೈಕು ಲ್ಯಾಬಿನಲ್ಲಿ ಜಾರಿ ಬಿದ್ದಳು. ಪಾದ ಉಬ್ಬಿತು. ಭಾನುವಾರ ಚರ್ಚಿಗೆ ಹೋಗಲಾಗಲಿಲ್ಲ. ಮೇಣದಕ್ಕ ಊಟ ತಂದು, ಅವಳ ಕಾಲ ಕೆಳಗೆ ದಿಂಬು ಸರಿಮಾಡುತ್ತಿದ್ದಾಗ ಮೆಟ್ಟಿಲಲ್ಲಿ ಗದ್ದಲ ಕೇಳಿಸಿತು. ಬಾಗಿಲು ತೆರೆದರೆ ಅಜ್ಜಿ, ಅವರ ಹಿಂದೆ ಕರವಸ್ತ್ರದಲ್ಲಿ ಹಲ್ಲು ಸುತ್ತಿಡುತ್ತಿದ್ದ ತಾತ, ಅವರ ಹಿಂದೆ ಇನ್ನೂ ನಾಲ್ಕಾರು ಜನ. ಲಿಫ್ಟಿಲ್ಲದ ಮನೆ, ಮೇಲಿನ ಮಹಡಿ. ಮಾತಾಡಲು ಯಾರಿಗೂ ಉಸಿರಿರಲಿಲ್ಲ. ಮಂಚದ ಮೇಲೆ, ಕುರ್ಚಿಯ ಮೇಲೆ, ಕವುಚಿ ಹಾಕಿದ ಬಕೆಟ್ಟಿನ ಮೇಲೆ ಕೂತರು. ಸುಧಾರಿಸಿಕೊಂಡ ಮೇಲೆ ತಾತ ಪ್ರಾರ್ಥನೆ ಶುರುಮಾಡಿ, ಮೊದಲು ಹತ್ತಿ ಬಂದವರೆಲ್ಲರ ಮೊಣಕಾಲಿಗೆ ಬೇಡಿಕೊಂಡು, ಆಮೇಲೆ ಮೈಕುವಿನ ಪಾದಕ್ಕೆ ಬಂದರು. ಹಾಡು ಯಾವುದೆಂದು ಸ್ವಲ್ಪ ಜಗಳವಾಯಿತು. ಒಂದು ಗುಂಪು ಒಂದನ್ನು ಎತ್ತಿಕೊಂಡಿತು, ಇನ್ನೊಂದು ಗುಂಪು ಅರ್ಧ ಸಾಲಿನ ನಂತರ ಸೋತು ಅದನ್ನೇ ಸೇರಿಕೊಂಡಿತು. ಮಲಗಿದಲ್ಲಿಂದಲೇ ಮೈಕುವೂ ಹಾಡಿದಳು. ಮೇಣದಕ್ಕನಿಗೆ ಹಾಡು ಬರುತ್ತಿರಲಿಲ್ಲ. ಊಟದ ಡಬ್ಬಿಯ ಮುಚ್ಚಳದ ಮೇಲೆ ಬೆರಳಿನಿಂದ ತಾಳ ಹಾಕಿದಳು, ಅಲ್ಲಿದ್ದವರಲ್ಲಿ ತಾಳ ತಪ್ಪದವಳು ಅವಳೊಬ್ಬಳೇ.

ಹೊರಡುವಾಗ ಅಜ್ಜಿ ಬಾಗಿಲಲ್ಲಿ ನಿಂತರು. "ಮುಂದಿನ ವಾರ ನೀನು ಬರ್ತೀಯೋ, ನಾವೇ ಬರೋಣ್ವೋ?"

ಮೈಕು ಅವರೆಲ್ಲರ ಮೊಣಕಾಲುಗಳನ್ನು ನೋಡಿದಳು. "ಬೇಡ ಅಜ್ಜಿ, ಕುಂಟ್ಕೊಂಡಾದ್ರೂ ನಾನೇ ಬರ್ತೀನಿ."

"ಹಾಗೆ ಬಾ ದಾರಿಗೆ" ಅಂದು ಅಜ್ಜಿ ಕಂಬಿ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ಅವರು ಕೆಳಗಿಳಿಯುವ ತನಕ ಮೇಣದಕ್ಕ ಮೇಲಿಂದ, "ನಿಧಾನ, ನಿಧಾನ" ಅನ್ನುತ್ತಲೇ ಇದ್ದಳು.